ಫಿಟ್‌ನೆಸ್ ಬಾಕ್ಸಿಂಗ್‌ನಿಂದ ಮೊದಲ ಅಮೆಚೂರ್ ಬೌಟ್‌ವರೆಗೆ: ಏನು ಕಲೀಬೇಕು, ಯಾವಾಗ ರಿಂಗ್ ಹತ್ತಬೇಕು

ವಾರಕ್ಕೆ ಮೂರು ದಿನ ಬಾಕ್ಸಿಂಗ್ ಕ್ಲಾಸಿಗೆ ಹೋಗ್ತಾ ಇದೀರಿ, ಬ್ಯಾಗ್ ಮೇಲೆ ಏಟು ಚೆನ್ನಾಗಿ ಬೀಳ್ತಿದೆ, ಹೊಟ್ಟೆ ಕರಗಿದೆ, ಒಂದಿನ ಬೆವರು ಒರೆಸ್ಕೊಂಡು ಬೂಟ್ ಬಿಚ್ಚೋವಾಗ ತಲೇಲಿ ಬರತ್ತೆ, ನಾನೂ ಒಂದ್ಸಲ ಟೂರ್ನಮೆಂಟ್‌ನಲ್ಲಿ ಆಡಬಹುದಲ್ವಾ ಅಂತ. ನನಗೆ ಇದು ಬಂದಿದ್ದು 23ನೇ ವಯಸ್ಸಲ್ಲಿ, ಬೆಂಗಳೂರಲ್ಲಿ ಕೆಲಸ ಮಾಡ್ಕೊಂಡು ಸಂಜೆ ಟೈಮಲ್ಲಿ ಪ್ರಾಕ್ಟೀಸ್ ಮಾಡೋವಾಗ. ಆಮೇಲೆ ಮೊದಲ ಬೌಟ್, ಅಂದ್ರೆ ರಿಂಗಲ್ಲಿ ಮೊದಲ ಪಂದ್ಯ, ಆಡೋಕೆ ಹತ್ತತ್ರ ಒಂದೂವರೆ ವರ್ಷ ಆಯ್ತು. ಆ ಒಂದೂವರೆ ವರ್ಷದಲ್ಲಿ ಏನೇನು ಮಾಡಿದ್ದು, ಯಾವುದು ಮಾಡಬಾರದಿತ್ತು, ನಿಯಮ ಏನು ಹೇಳತ್ತೆ, ಎಲ್ಲಾ ಇಲ್ಲಿ ಬರೀತೀನಿ, ಯಾಕಂದ್ರೆ ನಾನು ಹುಡುಕಿದಾಗ ಕನ್ನಡದಲ್ಲಿ ಇದನ್ನ ಒಂದು ಕಡೆ ಕೂತು ಹೇಳೋರು ಯಾರೂ ಸಿಕ್ಕಿರ್ಲಿಲ್ಲ.

ಮೊದಲು ಕ್ಲಬ್ ವಿಚಾರ

ಬಾಕ್ಸಿಂಗ್ ಹೇಳ್ಕೊಡೋ ಜಾಗಗಳಲ್ಲಿ ಎರಡು ಥರ ಇದೆ. ಒಂದು ಫಿಟ್‌ನೆಸ್‌ಗೆ, ಅಲ್ಲಿ ಮ್ಯೂಸಿಕ್ ಹಾಕ್ತಾರೆ, ಬ್ಯಾಗ್ ಹೊಡೆಸ್ತಾರೆ, ಬರ್ಪೀ ಮಾಡಿಸ್ತಾರೆ, ತಪ್ಪೇನಿಲ್ಲ, ಮೈಗೆ ಒಳ್ಳೇದೇ. ಇನ್ನೊಂದು ಆಟಗಾರರನ್ನ ಟೂರ್ನಮೆಂಟ್‌ಗೆ ಕಳಿಸೋ ಕ್ಲಬ್. ನೀವು ಆಡಬೇಕು ಅಂದ್ರೆ ಎರಡನೇದೇ ಬೇಕು, ಬೇರೆ ದಾರಿ ಇಲ್ಲ, ಯಾಕಂದ್ರೆ ಎಂಟ್ರಿ ಹೋಗೋದು ಕ್ಲಬ್ ಮತ್ತು ಜಿಲ್ಲಾ, ರಾಜ್ಯ ಅಸೋಸಿಯೇಷನ್ ಮೂಲಕ, ಮತ್ತೆ ಬೌಟ್ ದಿನ ನಿಮ್ಮ ಕಾರ್ನರ್‌ನಲ್ಲಿ, ಅಂದ್ರೆ ರಿಂಗಿನ ನಿಮ್ಮ ಮೂಲೇಲಿ, ನಿಂತ್ಕೊಳೋಕೆ ನಿಮ್ಮ ಆಟ ಗೊತ್ತಿರೋ ಒಬ್ರು ಬೇಕೇ ಬೇಕು.

ಕ್ಲಬ್ಬಿಗೆ ಹೋದಾಗ ಫೀಸ್ ಕೇಳೋಕೆ ಮುಂಚೆ ಇದನ್ನ ಕೇಳಿ: ಇಲ್ಲಿಂದ ಹೋದ ವರ್ಷ ಯಾರು ಆಡಿದಾರೆ? ಯಾವ ಮಟ್ಟದಲ್ಲಿ? ಅಸೋಸಿಯೇಷನ್‌ನಲ್ಲಿ ರಿಜಿಸ್ಟರ್ ಆಗಿದೆಯಾ? ಸ್ಪಾರಿಂಗ್ (ಜೊತೆಗಾರನ ಜೊತೆ ಮಾಡೋ ಅಭ್ಯಾಸದ ಹೊಡೆದಾಟ) ಯಾವ ದಿನ, ಯಾರು ನಿಂತು ನೋಡ್ತಾರೆ? ಆಮೇಲೆ ಒಂದು ಸ್ಪಾರಿಂಗ್ ದಿನ ಸುಮ್ನೆ ಕೂತು ನೋಡಿ. ಅನುಭವ ಇರೋನು ಹೊಸಬನ ಜೊತೆ ಇಳಿದಾಗ ತಾನಾಗೇ ಕೈ ಹಗುರ ಮಾಡ್ತಾನಾ, ಒಬ್ಬನಿಗೆ ಜೋರಾಗಿ ಪೆಟ್ಟು ಬಿದ್ದು ಕಾಲು ಸಡಿಲ ಆದ್ರೆ ಕೋಚ್ ತಕ್ಷಣ ನಿಲ್ಲಿಸ್ತಾರಾ, ಇಷ್ಟು ನೋಡಿದ್ರೆ ಸಾಕು.

ನಾನು ಶುರು ಮಾಡಿದ ಜಾಗದಲ್ಲಿ ಹೀಗಿರ್ಲಿಲ್ಲ. ಎರಡನೇ ವಾರದಲ್ಲೇ ನನಗಿಂತ ಹದಿನೈದು ಕೆಜಿ ಜಾಸ್ತಿ ಇದ್ದ ಒಬ್ಬನ ಜೊತೆ ಬಿಟ್ರು, ಧೈರ್ಯ ಬರ್ಲಿ ಅಂತ. ನನಗೆ ಬಂದಿದ್ದು ಎರಡು ದಿನದ ತಲೆನೋವು, ಜೊತೆಗೆ ಏಟು ಬರೋವಾಗ ಕಣ್ಣು ಮುಚ್ಕೊಳೋ ಚಾಳಿ. ಆ ಚಾಳಿ ಬಿಡಿಸೋಕೆ ಮುಂದಿನ ಕೋಚ್‌ಗೆ ನಾಲ್ಕು ತಿಂಗಳು ಹಿಡೀತು. ಹಾಗಾಗಿ ಈ ಒಂದು ವಿಷಯದಲ್ಲಿ ಮುಲಾಜು ನೋಡ್ಬೇಡಿ, ಇಷ್ಟ ಆಗ್ಲಿಲ್ಲ ಅಂದ್ರೆ ಕಟ್ಟಿರೋ ದುಡ್ಡು ಹೋದ್ರೂ ಪರ್ವಾಗಿಲ್ಲ, ಎದ್ದು ಬನ್ನಿ.

"ಇನ್ನೂ ಬೇಡ" ಅನ್ನೋ ಕೋಚ್

ನಾನು ಸೇರಿದ ಎರಡನೇ ಕ್ಲಬ್‌ನ ಕೋಚ್ ಹತ್ರ ಮೂರು ಸಲ ಕೇಳಿದೀನಿ, ಸರ್ ನನ್ನ ಹೆಸರು ಕೊಡ್ತೀರಾ ಅಂತ. ಮೂರು ಸಲನೂ "ಇನ್ನೂ ಬೇಡ ಕಣೋ, ನಿನ್ನ ಎಡಗೈ ಇನ್ನೂ ಮನೆಗೆ ವಾಪಸ್ ಬರ್ತಿಲ್ಲ" ಅಂದ್ರು. ಅಂದ್ರೆ ಜ್ಯಾಬ್ (ಮುಂದಿರೋ ಕೈಯಿಂದ ಹೊಡೆಯೋ ನೇರ ಏಟು) ಹೊಡೆದ ಮೇಲೆ ಕೈ ನೇರವಾಗಿ ಕೆನ್ನೆ ಹತ್ರ ವಾಪಸ್ ಬರೋ ಬದಲು ಸೊಂಟದ ಕಡೆಯಿಂದ ಸುತ್ಕೊಂಡು ಬರ್ತಿತ್ತು. ಬ್ಯಾಗ್ ಹೊಡೆಯೋವಾಗ ಇದು ಗೊತ್ತೇ ಆಗಲ್ಲ, ಬ್ಯಾಗ್ ತಿರುಗಿ ಹೊಡೆಯಲ್ವಲ್ಲ. ಆದ್ರೆ ರಿಂಗಲ್ಲಿ ಆ ಅರ್ಧ ಸೆಕೆಂಡ್ ಸಾಕು ಎದುರಿನವನ ಬಲಗೈ ಒಳಗೆ ಬರೋಕೆ. ಅವರು ಮಾಡಿಸಿದ್ದು ಇಷ್ಟೇ, ಕನ್ನಡಿ ಮುಂದೆ ನಿಂತು ನಿಧಾನಕ್ಕೆ ಜ್ಯಾಬ್ ಹೊಡಿ, ವಾಪಸ್ ಬಂದಾಗ ಹೆಬ್ಬೆರಳು ಕೆನ್ನೆ ಮುಟ್ಟಬೇಕು, ಮುಟ್ಟಿದ್ದು ಗೊತ್ತಾದ್ಮೇಲೇ ಮುಂದಿನ ಜ್ಯಾಬ್. ದಿನಕ್ಕೆ ಮೂರು ರೌಂಡ್. ಅದನ್ನೇ ಎರಡು ತಿಂಗಳು.

ನೀವು ರೆಡಿ ಇದೀರಾ ಅಂತ ನೋಡ್ಕೊಳೋಕೆ ನಾನು ಕೇಳೋದು ಇವು. ಪರಿಚಯ ಇಲ್ಲದವನ ಜೊತೆ ಮೂರು ರೌಂಡ್ ಸ್ಪಾರಿಂಗ್ ಮಾಡಿ, ಮೂರನೇ ರೌಂಡ್ ಕೊನೇಲೂ ನಿಮ್ಮ ಸ್ಟಾನ್ಸ್, ಅಂದ್ರೆ ನಿಂತ್ಕೊಳೋ ಭಂಗಿ, ಹಾಗೇ ಇರತ್ತಾ? ಮೂಗಿಗೆ ಒಂದು ಬಿದ್ದಾಗ ಸಿಟ್ಟು ಬಂದು ಎರಡೂ ಕೈ ಬೀಸ್ತೀರಾ ಇಲ್ಲಾ ಒಂದು ಹೆಜ್ಜೆ ಪಕ್ಕಕ್ಕಿಟ್ಟು ಮತ್ತೆ ಜ್ಯಾಬ್‌ಗೆ ಬರ್ತೀರಾ? ಹಗ್ಗಕ್ಕೆ ಬೆನ್ನು ತಾಗಿದಾಗ ಪಕ್ಕದಿಂದ ಹೊರಗೆ ಬರೋಕೆ ಬರತ್ತಾ? ಬೇಕು ಅಂದಾಗ ಹಗುರವಾಗಿ ಆಡೋಕೆ ಬರತ್ತಾ? ಈ ಕೊನೇದನ್ನ ಜನ ಲೆಕ್ಕಕ್ಕೇ ತಗೊಳಲ್ಲ, ಆದ್ರೆ ನನ್ನ ಪ್ರಕಾರ ಅದೇ ಮುಖ್ಯ, ಕೈ ಮೇಲೆ ಹಿಡಿತ ಇರೋನಿಗೆ ಮಾತ್ರ ಹಗುರ ಹೊಡೆಯೋಕೆ ಆಗತ್ತೆ. ವಾರಕ್ಕೆ ನಾಲ್ಕೈದು ದಿನ ಮಾಡಿದ್ರೆ ಒಂದು ವರ್ಷ, ಒಂದೂವರೆ ವರ್ಷ ಆರಾಮಾಗಿ ಆಗತ್ತೆ ಇದಕ್ಕೆ. ಆರು ತಿಂಗಳಲ್ಲಿ ಆಡಿಸ್ತೀನಿ ಅಂತ ಸೇರೋ ದಿನವೇ ಮಾತು ಕೊಡೋ ಕೋಚ್ ಹತ್ರ ನಾನಾದ್ರೆ ಸೇರಲ್ಲ.

ಸ್ಪಾರಿಂಗ್‌ನ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು

ಫಿಟ್‌ನೆಸ್‌ಗೆ ಮಾಡೋನಿಗೂ ಆಡೋನಿಗೂ ಇರೋ ವ್ಯತ್ಯಾಸ ಪೂರ್ತಿ ಇಲ್ಲೇ ಇದೆ, ಹಾಗಾಗಿ ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಮೊದಲು ಬರೀ ಜ್ಯಾಬ್. ಇಬ್ರೂ ಎಡಗೈ ಮಾತ್ರ ಹೊಡೀಬೇಕು, ಬಲಗೈ ಗಲ್ಲದ ಹತ್ರನೇ. ನೋಡೋಕೆ ಸಪ್ಪೆ, ಆದ್ರೆ ದೂರ ಎಷ್ಟು, ಅವನ ಕೈ ನನ್ನ ಮುಖಕ್ಕೆ ಎಲ್ಲಿಂದ ಸಿಗತ್ತೆ, ಎಷ್ಟು ಹಿಂದೆ ಹೋದ್ರೆ ಸಿಗಲ್ಲ, ಇದು ಮೈಗೆ ಹತ್ತೋದು ಇಲ್ಲೇ. ಆಮೇಲೆ ಒಬ್ಬ ಹೊಡೆಯೋದು, ಇನ್ನೊಬ್ಬ ಬರೀ ತಪ್ಪಿಸ್ಕೊಳೋದು, ಒಂದು ರೌಂಡ್ ಆದ್ಮೇಲೆ ಅದಲು ಬದಲು. ಆಮೇಲೆ ಎದೆ ಹೊಟ್ಟೆಗೆ ಮಾತ್ರ. ಇವೆಲ್ಲಾ ಸಲೀಸಾದ್ಮೇಲೆ ಓಪನ್ ಸ್ಪಾರಿಂಗ್, ಅದೂ ಅರ್ಧ ಜೋರಲ್ಲಿ.

ಪೂರ್ತಿ ಜೋರಿನ ಸ್ಪಾರಿಂಗ್ ನಮ್ಮಲ್ಲಿ ಟೂರ್ನಮೆಂಟ್ ಹತ್ರ ಬಂದಾಗ ಮಾತ್ರ, ಅದೂ ವಾರಕ್ಕೆ ಒಂದು ಸಲ, ಮತ್ತೆ ಬೌಟ್‌ಗೆ ಹತ್ತು ದಿನ ಇರೋವಾಗಲೇ ನಿಲ್ಲಿಸಿಬಿಡ್ತಿದ್ರು. ದಿನಾ ಜೋರಾಗಿ ಹೊಡೆದಾಡಿದ್ರೆ ಗಟ್ಟಿ ಆಗ್ತೀವಿ ಅನ್ನೋದು ಸುಳ್ಳು, ತಲೆ ಅನ್ನೋದು ಮೀನಖಂಡ ಅಲ್ಲ, ಹೊಡೆಸ್ಕೊಂಡಷ್ಟೂ ಬಲಿಯಲ್ಲ. ಪ್ರಾಕ್ಟೀಸಲ್ಲಿ ಹೆಡ್‌ಗಾರ್ಡ್ ಹಾಕ್ಕೊಳ್ಳಿ, ಅದು ಚರ್ಮ ಒಡೆಯೋದನ್ನ ತಡೆಯತ್ತೆ, ಆದ್ರೆ ಒಳಗೆ ಮಿದುಳು ಅಲ್ಲಾಡೋದನ್ನ ತಡೆಯಲ್ಲ, ಇದನ್ನ ಸರಿಯಾಗಿ ತಿಳ್ಕೊಂಡಿರಿ. ಗ್ಲವ್ಸ್ ಸ್ಪಾರಿಂಗ್‌ಗೆ 16 ಔನ್ಸ್, ತೂಕ ಕಡಿಮೆ ಇರೋರು 14 ನಡೆಯತ್ತೆ, ಬ್ಯಾಗ್ ಹೊಡೆಯೋ ಗ್ಲವ್ಸ್ ಬೇರೆ ಇಟ್ಕೊಳ್ಳಿ ಯಾಕಂದ್ರೆ ಬ್ಯಾಗ್‌ನಿಂದ ಒಳಗಿನ ಫೋಮ್ ಸತ್ತಿರತ್ತೆ, ಅದರಲ್ಲಿ ಜೊತೆಗಾರನ ಮುಖಕ್ಕೆ ಹೊಡೀಬಾರದು. ಗಮ್‌ಶೀಲ್ಡ್ ಮಾತ್ರ ಒಳ್ಳೇದೇ ತಗೊಳ್ಳಿ, ಬಿಸಿನೀರಲ್ಲಿ ಹಾಕಿ ಹಲ್ಲಿಗೆ ಕೂರಿಸ್ಕೊಳೋದು ಆಗಬಹುದು, ಡೆಂಟಿಸ್ಟ್ ಹತ್ರ ಅಚ್ಚು ತೆಗೆಸಿ ಮಾಡಿಸಿದ್ರೆ ಇನ್ನೂ ಒಳ್ಳೇದು. ಕೆಂಪು ಬಣ್ಣದ್ದು ತಗೋಬೇಡಿ, ಬೌಟ್‌ನಲ್ಲಿ ಬಿಡಲ್ಲ, ರಕ್ತ ಬಂದ್ರೆ ರೆಫರಿಗೆ ಗೊತ್ತಾಗಲ್ಲ ಅಂತ.

ಇನ್ನೊಂದು, ಒಂದೇ ಕ್ಲಬ್‌ನ ಅದೇ ನಾಲ್ಕು ಜನರ ಜೊತೆ ಆಡ್ತಾ ಇದ್ರೆ ಅವರ ಕೈ ಬಾಯಿಪಾಠ ಆಗಿಬಿಡತ್ತೆ. ಬೇರೆ ಕ್ಲಬ್‌ಗೆ ಕರ್ಕೊಂಡ್ಹೋಗಿ ಸರ್ ಅಂತ ಕೋಚ್‌ನ ಕೇಳಿ. ಎಡಚರ ಜೊತೆ, ಅಂದ್ರೆ ಸೌತ್‌ಪಾ ಜೊತೆ ಒಂದಷ್ಟು ರೌಂಡ್ ಮಾಡದೇ ಟೂರ್ನಮೆಂಟ್‌ಗೆ ಹೋಗ್ಬೇಡಿ, ಮುಂದಿನ ಕಾಲಿಗೆ ಕಾಲು ತಗಲ್ತಾ ಇರತ್ತೆ, ಮೊದಲ ಸಲ ರಿಂಗಲ್ಲೇ ಅದನ್ನ ನೋಡಿದ್ರೆ ಏನೂ ತೋಚಲ್ಲ. ಹುಡುಗೀರಿಗೆ ನಮ್ಮ ಕಡೆ ಇದು ನಿಜವಾಗ್ಲೂ ಕಷ್ಟ, ತೂಕ ಸರಿಹೊಂದೋ ಇನ್ನೊಬ್ಬ ಹುಡುಗಿ ಅದೇ ಕ್ಲಬ್‌ನಲ್ಲಿ ಸಿಗೋದೇ ಕಮ್ಮಿ. ನಮ್ಮ ಕ್ಲಬ್‌ನಲ್ಲಿದ್ದ ಅಕ್ಕ ಒಬ್ರು ಭಾನುವಾರ ಭಾನುವಾರ ಊರಿನ ಇನ್ನೊಂದು ತುದಿಗೆ ಎರಡು ಬಸ್ ಬದಲಾಯಿಸಿ ಹೋಗ್ತಿದ್ರು ಸ್ಪಾರಿಂಗ್‌ಗೆ. ಆ ಭಾನುವಾರಗಳೇ ಅವರನ್ನ ಆಟಗಾರ್ತಿ ಮಾಡಿದ್ದು.

ಒಂಬತ್ತು ನಿಮಿಷಕ್ಕೆ ಉಸಿರು

ಎಲೀಟ್‌ನಲ್ಲಿ, ಅಂದ್ರೆ ದೊಡ್ಡವರ ವರ್ಗದಲ್ಲಿ, ಗಂಡಸರಿಗೂ ಹೆಂಗಸರಿಗೂ ಮೂರು ನಿಮಿಷದ ಮೂರು ರೌಂಡ್, ಮಧ್ಯ ಒಂದೊಂದು ನಿಮಿಷ ರೆಸ್ಟ್. ಒಟ್ಟು ಒಂಬತ್ತು ನಿಮಿಷ. ಒಂದು ಗಂಟೆ ಕ್ಲಾಸ್ ಮಾಡೋರಿಗೆ ಇದೇನು ಮಹಾ ಅನ್ಸತ್ತೆ, ಆದ್ರೆ ಎದುರಿಗೆ ಹೊಡೆಯೋನು ಇದ್ದಾಗ ಭಯಕ್ಕೇ ಉಸಿರು ಬಿಗಿ ಹಿಡೀತೀವಿ, ಮೊದಲ ನಿಮಿಷದಲ್ಲೇ ಕೈ ಸೀಸದ ಥರ ಆಗತ್ತೆ. ಬೆಳಗ್ಗೆ ಐದಾರು ಕಿಲೋಮೀಟರ್ ಓಟ ವಾರಕ್ಕೆ ಮೂರು ದಿನ ಬೇಕು, ನಾನು ಕಬ್ಬನ್ ಪಾರ್ಕಲ್ಲಿ ಓಡ್ತಿದ್ದೆ, ಆದ್ರೆ ಬರೀ ಅದರಿಂದ ಆಗಲ್ಲ. ಮೂರು ನಿಮಿಷ ಜೋರು, ಒಂದು ನಿಮಿಷ ರೆಸ್ಟ್, ಈ ಲೆಕ್ಕದಲ್ಲೇ ಬ್ಯಾಗ್, ಸ್ಕಿಪ್ಪಿಂಗ್, ಕೋಚ್ ಕೈಲಿ ಹಿಡಿಯೋ ಪ್ಯಾಡ್ ಎಲ್ಲಾ ಮಾಡಿ, ಮೈಗೆ ಆ ಗಡಿಯಾರ ಅಭ್ಯಾಸ ಆಗ್ಲಿ. ಪ್ರತಿ ಏಟಿಗೂ ಮೂಗಿಂದ ಸಣ್ಣಗೆ ಉಸಿರು ಬಿಡೋದು ಕಲಿತ್ರೆ ಅರ್ಧ ಸುಸ್ತು ಕಮ್ಮಿ. ಕುತ್ತಿಗೆ ಎಕ್ಸರ್‌ಸೈಜ್ ಬಿಡ್ಬೇಡಿ. ನೈಟ್ ಶಿಫ್ಟ್ ಮಾಡೋರು ನಿದ್ದೆ ಕೆಟ್ಟ ದಿನ ಸ್ಪಾರಿಂಗ್ ಮಾಡಬೇಡಿ, ಶ್ಯಾಡೋ, ಅಂದ್ರೆ ಒಬ್ರೇ ಗಾಳಿಗೆ ಹೊಡೆಯೋ ಅಭ್ಯಾಸ, ಮಾಡಿ ಮನೆಗೆ ಹೋಗಿ ಮಲಗಿ.

ತೂಕದ ಆಟ ಆಡಬೇಡಿ

ಬಾಕ್ಸಿಂಗ್ ಫೆಡರೇಷನ್ ಆಫ್ ಇಂಡಿಯಾ 2024ರಲ್ಲಿ ವರ್ಲ್ಡ್ ಬಾಕ್ಸಿಂಗ್ ಅನ್ನೋ ಅಂತಾರಾಷ್ಟ್ರೀಯ ಸಂಸ್ಥೆಗೆ ಸೇರಿದೆ. ವರ್ಲ್ಡ್ ಬಾಕ್ಸಿಂಗ್ 2025ರಿಂದ ತಂದಿರೋ ಲೆಕ್ಕದಲ್ಲಿ ಗಂಡಸರಿಗೆ 50 ಕೆಜಿಯಿಂದ 90ರವರೆಗೆ ಐದೈದು ಕೆಜಿಗೆ ಒಂದು ವರ್ಗ, ಅದರ ಮೇಲೆ 90 ಪ್ಲಸ್. ಹೆಂಗಸರಿಗೆ 48, 51, 54, 57, 60, ಆಮೇಲೆ 65, 70, 75, 80, 80 ಪ್ಲಸ್. ಹಳೇ ಚಾರ್ಟ್‌ಗಳು ಇನ್ನೂ ಓಡಾಡ್ತಾ ಇರತ್ತೆ, ನೀವು ಆಡೋ ಟೂರ್ನಮೆಂಟ್‌ನ ಸರ್ಕ್ಯುಲರ್‌ನಲ್ಲಿ ಏನಿದೆಯೋ ಅದನ್ನೇ ನೋಡಿ.

ಅಮೆಚೂರ್‌ನಲ್ಲಿ, ಅಂದ್ರೆ ನಾವು ಆಡೋ ಈ ಹವ್ಯಾಸಿ ಬಾಕ್ಸಿಂಗ್‌ನಲ್ಲಿ, ತೂಕ ನೋಡೋದು ಬೌಟ್ ದಿನ ಬೆಳಗ್ಗೆ, ಟೂರ್ನಮೆಂಟ್ ನಾಲ್ಕು ದಿನ ಇದ್ರೆ ನೀವು ಆಡೋ ಪ್ರತಿ ದಿನವೂ ನೋಡ್ತಾರೆ. ಪ್ರೊಫೆಷನಲ್‌ನಲ್ಲಿ ಹಿಂದಿನ ದಿನ ತೂಕ ಕೊಟ್ಟು ರಾತ್ರಿಯೆಲ್ಲಾ ತಿಂದು ವಾಪಸ್ ಬರೋ ಥರ ಇಲ್ಲಿ ಆಗಲ್ಲ. ಹಾಗಾಗಿ ನೀರು ಬಿಟ್ಟು, ಪ್ಲಾಸ್ಟಿಕ್ ಜಾಕೆಟ್ ಹಾಕ್ಕೊಂಡು ಓಡಿ ನಾಲ್ಕೈದು ಕೆಜಿ ಇಳಿಸಿದ್ರೆ ಆ ಒಣಗಿದ ಮೈಯಲ್ಲೇ ಏಟು ತಿನ್ನಬೇಕಾಗತ್ತೆ, ಅದು ಅಪಾಯ. ನನ್ನ ಮಾಮೂಲಿ ತೂಕ 66 ಇತ್ತು, 65ರಲ್ಲಿ ಆಡಿದೆ. ಜೊತೆಯವನೊಬ್ಬ 60ಕ್ಕೆ ಇಳಿ, ಎತ್ತರ ಇದೀಯ ಅಡ್ವಾಂಟೇಜ್ ಸಿಗತ್ತೆ ಅಂದ, ಕೋಚ್ ಒಂದೇ ಮಾತು, ಮೊದಲ ಬೌಟ್‌ಗೆ ತೂಕ ಇಳಿಸೋ ಮಾತೇ ಬೇಡ. ಮೇಲಿನ ವರ್ಗಕ್ಕೆ ಹೋಗೋದೇನೂ ಅವಮಾನ ಅಲ್ಲ, ಮೇರಿ ಕೋಮ್ ಚಿಕ್ಕ ತೂಕಗಳಲ್ಲಿ ವಿಶ್ವ ಚಾಂಪಿಯನ್ ಆಗಿದ್ರೂ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅವರ ತೂಕದ ವರ್ಗ ಇರ್ಲಿಲ್ಲ ಅಂತ 51 ಕೆಜಿಗೆ ಹತ್ತಿ ಕಂಚು ತಂದ್ರು.

ಊಟಕ್ಕೆ ವಿಶೇಷ ಏನೂ ಬೇಕಾಗಿಲ್ಲ. ರಾಗಿಮುದ್ದೆ, ಅನ್ನ, ಸಾರು, ಮೊಟ್ಟೆ, ಕಾಳು, ಮೊಸರು, ಚಿಕನ್ ತಿನ್ನೋರು ಚಿಕನ್. ಒಂದು ಕೆಜಿ ಇಳಿಸ್ಬೇಕು ಅಂದ್ರೆ ಮೂರು ವಾರ ಮೊದಲೇ ಸಂಜೆಯ ಬೋಂಡಾ ಬಜ್ಜಿ, ಸಕ್ಕರೆ ಹಾಕಿದ ಟೀ ಬಿಟ್ರೆ ಇಳಿಯತ್ತೆ. ಉತ್ತೇಜಕದ ಪುಡಿ ಗುಳಿಗೆ ಯಾರೋ ಕೊಟ್ರು ಅಂತ ತಗೋಬೇಡಿ, ಜ್ವರಕ್ಕೆ ಔಷಧಿ ತಗೊಳೋವಾಗಲೂ ಡಾಕ್ಟರ್‌ಗೆ ನಾನು ಆಟಗಾರ, ನಿಷೇಧ ಇರೋ ಔಷಧಿ ಬೇಡ ಅಂತ ಹೇಳಿ.

ಕಾಗದ ಪತ್ರ, ವಯಸ್ಸು

ಎಲೀಟ್ ಅಂದ್ರೆ 19ರಿಂದ 40 ವರ್ಷ, ಲೆಕ್ಕ ಹುಟ್ಟಿದ ಇಸವಿಯಿಂದ, ತಿಂಗಳಿಂದ ಅಲ್ಲ. 17-18ರವರಿಗೆ, 15-16ರವರಿಗೆ ಬೇರೆ ವರ್ಗ ಇದೆ. ಅಂದ್ರೆ 28ಕ್ಕೆ ಶುರು ಮಾಡಿದೋರಿಗೂ ಟೈಮ್ ಇದೆ, ಆದ್ರೆ ಎದುರಿಗೆ ಹನ್ನೆರಡನೇ ವಯಸ್ಸಿಂದ ಆಡ್ತಾ ಇರೋ ಇಪ್ಪತ್ತರ ಹುಡುಗ ಸಿಗಬಹುದು, ಹಾಗಾಗಿ ಮೊದಲ ಬೌಟ್‌ಗೆ ಹೊಸಬರಿಗೇ ಮಾಡೋ ನೋವಿಸ್ ಟೂರ್ನಮೆಂಟ್ ಅಥವಾ ಕ್ಲಬ್‌ಗಳ ನಡುವಿನ ಫ್ರೆಂಡ್ಲಿ ಬೌಟ್ ಹುಡುಕ್ಕೊಡಿ ಅಂತ ಕೋಚ್‌ನ ಕೇಳಿ. ಕಾಲೇಜಲ್ಲಿ ಇರೋರಿಗೆ ಇಂಟರ್ ಕಾಲೇಜ್, ಯೂನಿವರ್ಸಿಟಿ ದಾರಿ ಇದೆ, ಪಿಇ ಸರ್‌ನ ವರ್ಷದ ಶುರುವಲ್ಲೇ ಹೋಗಿ ಕೇಳಿ.

ಜನನ ಪ್ರಮಾಣ ಪತ್ರ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಆಧಾರ್, ಪಾಸ್‌ಪೋರ್ಟ್ ಸೈಜ್ ಫೋಟೋ, ಡಾಕ್ಟರ್ ಕೊಟ್ಟ ಫಿಟ್‌ನೆಸ್ ಸರ್ಟಿಫಿಕೇಟ್, ಎಲ್ಲಾ ಒಂದು ಫೈಲಲ್ಲಿ ಹಾಕಿಡಿ, ಮೊದಲ ಮೂರಲ್ಲೂ ಹೆಸರಿನ ಸ್ಪೆಲ್ಲಿಂಗ್ ಮತ್ತೆ ಹುಟ್ಟಿದ ದಿನ ಒಂದೇ ಇದೆಯಾ ಅಂತ ಈಗಲೇ ನೋಡ್ಕೊಳ್ಳಿ. ಇನಿಷಿಯಲ್ ಹಿಂದೆ ಮುಂದೆ ಆಗಿದ್ದಕ್ಕೆ ಎಂಟ್ರಿ ನಿಂತುಹೋದ ಹುಡುಗನ್ನ ನೋಡಿದೀನಿ, ಪಾಪ ಮೂರು ತಿಂಗಳು ಪ್ರಾಕ್ಟೀಸ್ ಮಾಡಿದ್ದ.

ನಮ್ಮ ರಾಜ್ಯದಲ್ಲಿ ಹರಿಯಾಣ, ಮಣಿಪುರದ ಥರ ಊರೂರಲ್ಲಿ ಬಾಕ್ಸಿಂಗ್ ಇಲ್ಲ, ನಿಜ. ಆದ್ರೆ ಬಳ್ಳಾರಿ ಹತ್ರದ ವಿಜಯನಗರದಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ, 2021ರ ಗಂಡಸರ ನ್ಯಾಷನಲ್ಸ್ ಅಲ್ಲೇ ನಡೆದಿದ್ದು, 2023ರಲ್ಲಿ ವರ್ಲ್ಡ್ ಚಾಂಪಿಯನ್‌ಶಿಪ್ ಕಂಚು ಗೆದ್ದ ನಿಶಾಂತ್ ದೇವ್ ತಯಾರಾಗಿದ್ದೂ ಅಲ್ಲೇ. ಟೂರ್ನಮೆಂಟ್ ಹತ್ರ ಎಲ್ಲಾದ್ರೂ ನಡೆದ್ರೆ ಆಡದೇ ಇದ್ರೂ ಹೋಗಿ ಒಂದಿನ ಪೂರ್ತಿ ಕೂತು ನೋಡಿ.

ಬೌಟ್ ದಿನ

ಬೆಳಗ್ಗೆ ಬೇಗ ಎದ್ದು ಖಾಲಿ ಹೊಟ್ಟೇಲಿ ತೂಕಕ್ಕೆ ಹೋಗ್ತೀರಿ, ಡಾಕ್ಟರ್ ಬಿಪಿ, ಕಣ್ಣು, ಕೈ ಬೆರಳು ನೋಡ್ತಾರೆ, ಎಲ್ಲಾದ್ರೂ ಪೆಟ್ಟಾಗಿದ್ಯಾ ಅಂತ ಕೇಳ್ತಾರೆ. ಸುಳ್ಳು ಹೇಳ್ಬೇಡಿ. ತೂಕ ಆದ್ಮೇಲೆ ಇಡ್ಲಿ, ಬಾಳೆಹಣ್ಣು, ನೀರು. ಆಮೇಲೆ ಕಾಯೋದು. ಇದನ್ನ ಯಾರೂ ಮುಂಚೆ ಹೇಳಲ್ಲ, ಬೆಳಗ್ಗೆ ಏಳಕ್ಕೆ ತೂಕ ಕೊಟ್ಟು ಸಂಜೆ ನಾಲ್ಕಕ್ಕೆ ಬೌಟ್ ಬರಬಹುದು, ಅಷ್ಟೂ ಹೊತ್ತು ಬೇರೆಯವರ ಬೌಟ್ ನೋಡ್ತಾ ಕೂತ್ರೆ ಅವರ ಜೊತೆ ನಿಮ್ಮ ಮೈಯೂ ಹೊಡೆದಾಡಿ ಸುಸ್ತಾಗತ್ತೆ. ಹೊರಗೆ ನೆರಳಲ್ಲಿ ಚಾಪೆ ಹಾಕ್ಕೊಂಡು ಮಲಗಿ.

ನನ್ನ ಬೌಟ್‌ಗೆ ನಾಲ್ಕು ಬೌಟ್ ಇದೆ ಅನ್ನೋವಾಗ ಕೋಚ್ ಕುರ್ಚಿ ಉಲ್ಟಾ ಹಾಕಿ ಕೂತು ನನ್ನ ಕೈನ ಕುರ್ಚಿ ಬೆನ್ನ ಮೇಲೆ ಇಡಿಸಿ ಬ್ಯಾಂಡೇಜ್ ಸುತ್ತಿದ್ರು, ಮಣಿಕಟ್ಟಿಗೆ ಮೂರು ಸುತ್ತು, ಬೆರಳುಗಳ ಸಂದೀಲಿ ಒಂದೊಂದು, ಗೆಣ್ಣಿನ ಮೇಲೆ ಮತ್ತೆ ಮೂರು, ಪ್ರತಿ ಸುತ್ತಿಗೂ "ಮುಷ್ಟಿ ಹಿಡಿ, ಬಿಡು" ಅಂತ. ಅಧಿಕಾರಿಯೊಬ್ರು ಬಂದು ಬ್ಯಾಂಡೇಜ್ ಮುಟ್ಟಿ ನೋಡಿ ಪೆನ್ನಲ್ಲಿ ಗುರುತು ಹಾಕಿದ್ರು. ಗ್ಲವ್ಸ್ ಟೂರ್ನಮೆಂಟ್‌ನವರದೇ, ತೂಕದ ಮೇಲೆ 10 ಇಲ್ಲಾ 12 ಔನ್ಸ್, ನಮ್ಮ ಕಾರ್ನರ್ ಬಣ್ಣದ್ದು. ನನಗೆ ಕೊಟ್ಟಿದ್ದು ನೀಲಿ, ಹಿಂದಿನ ಬೌಟ್‌ನವನ ಬೆವರಿಗೆ ಒಳಗೆ ಒದ್ದೆ ಇತ್ತು, ಇನ್ನೂ ಬೆಚ್ಚಗಿತ್ತು. ಈಗಲೂ ನೀಲಿ ಗ್ಲವ್ಸ್ ನೋಡಿದ್ರೆ ಮೊದಲು ಕೈಗೆ ನೆನಪಾಗೋದು ಆ ಬಿಸಿ. 16 ಔನ್ಸ್‌ನಲ್ಲಿ ವರ್ಷಗಟ್ಟಲೆ ಆಡಿದ ಕೈಗೆ 10 ಔನ್ಸ್ ಗ್ಲವ್ಸ್ ಗಾಳಿ ಥರ ಇರತ್ತೆ, ಗಾರ್ಡ್‌ನ, ಅಂದ್ರೆ ಮುಖ ಕಾಯೋಕೆ ಎತ್ತಿ ಹಿಡಿದ ಕೈಗಳ, ಸಂದಿಯಿಂದ ಅವನ ಕೈಯೂ ಅಷ್ಟೇ ಸುಲಭವಾಗಿ ಒಳಗೆ ಬರತ್ತೆ. ಅದಕ್ಕೇ ಕೊನೆಯ ಎರಡು ವಾರ ಪ್ಯಾಡ್ ಮಾತ್ರ 10 ಔನ್ಸ್‌ನಲ್ಲಿ ಮಾಡಿ. ಅಂತಾರಾಷ್ಟ್ರೀಯ ನಿಯಮದಲ್ಲಿ ಎಲೀಟ್ ಗಂಡಸರಿಗೆ 2013ರಿಂದ ಹೆಡ್‌ಗಾರ್ಡ್ ಇಲ್ಲ, ಹೆಂಗಸರಿಗೆ, ಚಿಕ್ಕ ವಯಸ್ಸಿನವರಿಗೆ ಇದೆ.

ರಿಂಗಲ್ಲಿ ರೆಫರಿ ಹೇಳೋದು ಮೂರೇ ಮಾತು. ಬಾಕ್ಸ್ ಅಂದ್ರೆ ಆಡಿ, ಸ್ಟಾಪ್ ಅಂದ್ರೆ ನಿಲ್ಲಿ, ಬ್ರೇಕ್ ಅಂದ್ರೆ ಇಬ್ರೂ ಒಂದು ಹೆಜ್ಜೆ ಹಿಂದೆ ಇಟ್ಟು ಆಮೇಲೆ ಆಡಬೇಕು. ಬ್ರೇಕ್ ಅಂದಾಗ ಹಿಂದೆ ಹೋಗದೇ ಹೊಡೆದ್ರೆ ಫೌಲ್. ತಲೆ ಹಿಂಭಾಗ, ಬೆನ್ನು, ಬೆಲ್ಟ್ ಕೆಳಗೆ ಹೊಡೆಯೋ ಹಾಗಿಲ್ಲ, ತಬ್ಕೊಳೋದು, ತಲೆ ಬಗ್ಗಿಸಿ ನುಗ್ಗೋದೂ ತಪ್ಪು. ಮೊದಲು ಬುದ್ಧಿ ಹೇಳ್ತಾರೆ, ಆಮೇಲೆ ವಾರ್ನಿಂಗ್, ವಾರ್ನಿಂಗ್ ಆದ್ರೆ ಒಂದು ಪಾಯಿಂಟ್ ಹೋಗತ್ತೆ. ಜಡ್ಜ್‌ಗಳು ಪ್ರತಿ ರೌಂಡ್ ಗೆದ್ದವನಿಗೆ 10, ಇನ್ನೊಬ್ಬನಿಗೆ ಸಾಮಾನ್ಯವಾಗಿ 9 ಕೊಡ್ತಾರೆ, ನೋಡೋದು ಗೆಣ್ಣಿನ ಭಾಗದಿಂದ ಸ್ವಚ್ಛವಾಗಿ ಬಿದ್ದ ಏಟು ಎಷ್ಟು, ಆಟ ಯಾರ ಹಿಡಿತದಲ್ಲಿದೆ ಅನ್ನೋದನ್ನ. ಬೀಸಿ ಹೊಡೆದು ಗ್ಲವ್ ಮೇಲೆ ಬಿದ್ದಿದ್ದಕ್ಕೆ ಚಪ್ಪಾಳೆ ಬೀಳಬಹುದು, ಪಾಯಿಂಟ್ ಬೀಳಲ್ಲ. ಜೋರು ಏಟು ಬಿದ್ರೆ ನೀವು ನಿಂತೇ ಇದ್ರೂ ರೆಫರಿ ಎಂಟರವರೆಗೆ ಎಣಿಸ್ತಾರೆ, ಗಾಬರಿ ಆಗ್ಬೇಡಿ, ಅವರ ಕಣ್ಣು ನೋಡಿ, ಕೈ ಮೇಲೆತ್ತಿ, ಉಸಿರು ತಗೊಳ್ಳಿ. ಕೋಚ್ ಟವೆಲ್ ಎಸೆದ್ರೆ ಮನಸ್ಸಲ್ಲಿ ಏನೇ ಇದ್ರೂ ಅಲ್ಲಿ ವಾದ ಮಾಡ್ಬೇಡಿ.

ಆಮೇಲೆ

ಗೆಲ್ಲಿ ಸೋಲಿ, ಆವತ್ತು ಗಾಡಿ ನೀವು ಓಡಿಸ್ಬೇಡಿ, ಒಬ್ರೇ ಮಲಗ್ಬೇಡಿ, ಮನೇಲಿ ಯಾರಿಗಾದ್ರೂ ಹೇಳಿರಿ. ತಲೆನೋವು ಜಾಸ್ತಿ ಆಗ್ತಾ ಹೋದ್ರೆ, ವಾಂತಿ ಬಂದ್ರೆ, ಕಣ್ಣು ಮಂಜಾದ್ರೆ, ಹೇಳಿದ್ದೇ ಮತ್ತೆ ಮತ್ತೆ ಹೇಳ್ತಾ ಇದ್ರೆ ಬೆಳಗಾಗೋವರೆಗೆ ಕಾಯದೇ ಆಸ್ಪತ್ರೆಗೆ ಹೋಗಿ. ತಲೆಗೆ ಪೆಟ್ಟು ಬಿದ್ದು ಬೌಟ್ ನಿಂತಿದ್ರೆ ಕನಿಷ್ಠ 30 ದಿನ ಬೌಟೂ ಇಲ್ಲ, ಸ್ಪಾರಿಂಗೂ ಇಲ್ಲ, ಮೂರು ತಿಂಗಳಲ್ಲಿ ಎರಡು ಸಲ ಆದ್ರೆ 90 ದಿನ, ಒಂದು ವರ್ಷದಲ್ಲಿ ಮೂರು ಸಲ ಆದ್ರೆ ವರ್ಷ ಪೂರ್ತಿ ರಜೆ. ಪ್ರಾಕ್ಟೀಸಲ್ಲಿ ಹಾಗಾದ್ರೆ ಯಾರೂ ಬರೆದಿಡಲ್ಲ, ಆದ್ರೂ ಅದೇ ಲೆಕ್ಕ ಇಟ್ಕೊಳ್ಳಿ. ಒಂದು ಪೆಟ್ಟು ವಾಸಿ ಆಗೋ ಮೊದಲು ಎರಡನೇದು ಬಿದ್ರೆ ಜೀವಕ್ಕೇ ಅಪಾಯ.

ನಾನು ಆ ಬೌಟ್ ಸೋತೆ, ಐದು ಜಡ್ಜ್‌ಗಳಲ್ಲಿ ಇಬ್ರು ನನಗೆ ಕೊಟ್ಟಿದ್ರು, ಮೂರು ಜನ ಅವನಿಗೆ. ಕ್ಲಬ್‌ನ ಹುಡುಗ ಫೋನಲ್ಲಿ ವಿಡಿಯೋ ಮಾಡಿದ್ದ, ನಿಮ್ಮದೂ ಯಾರಾದ್ರೂ ಮಾಡೋ ಹಾಗೆ ನೋಡ್ಕೊಳ್ಳಿ. ಮುಂದಿನ ವಾರ ಕ್ಲಬ್ಬಿಗೆ ಹೋದಾಗ ಕೋಚ್ ಪಕ್ಕದಲ್ಲಿ ಕೂರಿಸ್ಕೊಂಡು ಎರಡನೇ ರೌಂಡ್ ಹಾಕಿದ್ರು, ನನ್ನ ಎಡಗೈ ಕೆಳಗೆ ಇಳಿದಾಗಲೆಲ್ಲಾ ವಿಡಿಯೋ ನಿಲ್ಲಿಸಿ ಬೆರಳು ಮಡಚ್ತಾ ಹೋದ್ರು. ಹನ್ನೊಂದು ಸಲ ಆಯ್ತು. ಫೋನ್ ಜೇಬಿಗೆ ಹಾಕ್ಕೊಂಡು ಕನ್ನಡಿ ಕಡೆ ಕೈ ತೋರಿಸಿ, "ಮೂರು ರೌಂಡ್, ಬರೀ ಎಡಗೈ" ಅಂದ್ರು.